ಭಾಷಾ ಪ್ರಶ್ನೋತ್ತರ: ‘ಗೊನ್ನ’, ‘ವಾನ್ನ’ ಮತ್ತು ಕಿವಿಗೆ ಸಿಗದ ಇಂಗ್ಲಿಷ್

ಪ್ರಶ್ನೆ: ಪದವಿಯವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಇಂಗ್ಲಿಷ್ ಪತ್ರಿಕೆಗಳನ್ನು ತಡೆಯಿಲ್ಲದೆ ಓದುತ್ತೇನೆ, ಕಚೇರಿಯ ಪತ್ರವ್ಯವಹಾರವನ್ನೂ ಇಂಗ್ಲಿಷಿನಲ್ಲಿಯೇ ನಡೆಸುತ್ತೇನೆ. ಆದರೆ ಅಮೆರಿಕದ ಧಾರಾವಾಹಿ ನೋಡುವಾಗ ಸಬ್‌ಟೈಟಲ್ ತೆಗೆದರೆ ಅರ್ಧಕ್ಕರ್ಧ ಸಂಭಾಷಣೆ ಅರ್ಥವಾಗುವುದಿಲ್ಲ. ‘ಗೊನ್ನ’, ‘ವಾನ್ನ’, ‘ಗಾಟ’, ‘ಡನೋ’ ಎಂಬಂಥ ರೂಪಗಳಿಗೆ ವ್ಯಾಕರಣವೆಂಬುದು ಇದೆಯೇ? ಇವನ್ನು ಹಿಡಿಯುವುದು ಹೇಗೆ?
– ಓದುಗರೊಬ್ಬರು, ಹಾಸನ

ಉತ್ತರ: ನೀವು ಹೆಸರಿಸಿದ ರೂಪಗಳ ಮೂಲಪದಗಳೆಲ್ಲ ನಿಮಗೆ ಗೊತ್ತಿರುವಂಥವೇ. ‘ಗೋಯಿಂಗ್ ಟು’ ಎಂಬುದು ‘ಗೊನ್ನ’, ‘ವಾಂಟ್ ಟು’ ಎಂಬುದು ‘ವಾನ್ನ’, ‘ಗಾಟ್ ಟು’ ಎಂಬುದು ‘ಗಾಟ’, ‘ಡೋಂಟ್ ನೋ’ ಎಂಬುದು ‘ಡನೋ’. ಇಂಗ್ಲಿಷರು ವಾಕ್ಯದಲ್ಲಿ ಅರ್ಥದ ಭಾರ ಹೊರುವ ನಾಮಪದ, ಮುಖ್ಯ ಕ್ರಿಯಾಪದ, ಗುಣವಾಚಕಗಳ ಮೇಲೆ ಒತ್ತು ಹಾಕಿ, ‘ಟು’, ‘ಆಫ್’, ‘ಹ್ಯಾವ್’, ‘ಹಿಮ್’ ಮೊದಲಾದ ಸಣ್ಣ ಪದಗಳನ್ನು ಒತ್ತಿಲ್ಲದೆ ಸರಸರನೆ ದಾಟಿಬಿಡುತ್ತಾರೆ. ಒತ್ತು ತಪ್ಪಿದ ಸ್ವರ ತನ್ನ ಗುಣವನ್ನೇ ಕಳೆದುಕೊಂಡು, ನಮ್ಮ ‘ಅ’ಕಾರಕ್ಕಿಂತಲೂ ಅಸ್ಪಷ್ಟವಾದ, ಧ್ವನಿಶಾಸ್ತ್ರಜ್ಞರು ‘ಶ್ವಾ’ ಎಂದು ಕರೆಯುವ ಧ್ವನಿಯಾಗಿ ಉಳಿಯುತ್ತದೆ. ಕನ್ನಡದಲ್ಲಿ ಪ್ರತಿಯೊಂದು ಅಕ್ಷರಕ್ಕೂ ಹೆಚ್ಚುಕಡಿಮೆ ಅದರ ಪಾಲಿನ ಕಾಲ ಸಿಗುವುದರಿಂದ, ನಮ್ಮ ಕಿವಿ ಇಂಗ್ಲಿಷಿನಲ್ಲಿಯೂ ಎಲ್ಲ ಅಕ್ಷರಗಳಿಗಾಗಿ ಕಾಯುತ್ತ ಕುಳಿತಿರುತ್ತದೆ, ಅಷ್ಟರಲ್ಲಿ ಮಾತು ಮುಂದೆ ಹೋಗಿರುತ್ತದೆ.

ಹಾಗೆಂದು ಕೂಡಿಸಿ ನುಡಿಯುವ ರೂಢಿ ನಮಗೆ ಹೊಸತೇನೂ ಅಲ್ಲ. ‘ಏನು ಮಾಡುತ್ತಿದ್ದೀಯ’ ಎಂದು ಬರೆಯುವ ನಾವು ‘ಏನ್ಮಾಡ್ತಿದ್ಯ’ ಎನ್ನುತ್ತೇವೆ. ಪಠ್ಯಪುಸ್ತಕದಿಂದ ಕನ್ನಡ ಕಲಿತು ಬಂದ ಪರರಾಜ್ಯದವರು ಬೆಂಗಳೂರಿನ ಬಸ್ಸಿನಲ್ಲಿ ಕಂಡಕ್ಟರರ ಮಾತಿಗೆ ಕಕ್ಕಾಬಿಕ್ಕಿಯಾಗುವುದು, ನೀವು ಧಾರಾವಾಹಿಯ ಮುಂದೆ ಪಡುವ ಪಾಡು, ಎರಡೂ ಒಂದೇ.

ಇನ್ನು ವ್ಯಾಕರಣದ ಮಾತು. ಸೋಮಾರಿತನದಿಂದ ಬಾಯಿಗೆ ಬಂದಂತೆ ಹುಟ್ಟಿದ ರೂಪಗಳಿವು ಎಂದು ಹಲವರು ತಿಳಿದಿದ್ದಾರೆ, ಆದರೆ ಅವುಗಳಿಗೆ ಸಾಕಷ್ಟು ಬಿಗಿಯಾದ ನಿಯಮಗಳಿವೆ. ‘ಐಮ್ ಗೋಯಿಂಗ್ ಟು ಸ್ಲೀಪ್’ ಎಂಬಲ್ಲಿ ಮುಂದೆ ಕ್ರಿಯಾಪದವಿದ್ದು ಭವಿಷ್ಯತ್ತನ್ನು ಸೂಚಿಸುವುದರಿಂದ ‘ಐಮ್ ಗೊನ್ನ ಸ್ಲೀಪ್’ ಎನ್ನಬಹುದು. ‘ಐಮ್ ಗೋಯಿಂಗ್ ಟು ಮೈಸೂರು’ ಎಂಬಲ್ಲಿ ಮುಂದಿರುವುದು ಊರಿನ ಹೆಸರಾದ್ದರಿಂದ ಯಾವ ಇಂಗ್ಲಿಷ್ ಮನೆಮಾತಿನವರೂ ‘ಗೊನ್ನ ಮೈಸೂರು’ ಎನ್ನುವುದಿಲ್ಲ. ‘ವಾನ್ನ’ದ ನಿಯಮ ಇನ್ನೂ ಸೂಕ್ಷ್ಮ. ನೀವು ಯಾರನ್ನು ಭೇಟಿಯಾಗಲು ಬಯಸುತ್ತೀರಿ ಎಂಬ ಅರ್ಥದ ‘ಹೂ ಡು ಯು ವಾಂಟ್ ಟು ಮೀಟ್’ ಎಂಬ ವಾಕ್ಯದಲ್ಲಿ ‘ವಾನ್ನ ಮೀಟ್’ ಎನ್ನುವುದು ಸಹಜ. ಯಾರು ಗೆಲ್ಲಬೇಕೆಂದು ಬಯಸುತ್ತೀರಿ ಎಂಬ ಅರ್ಥದ ‘ಹೂ ಡು ಯು ವಾಂಟ್ ಟು ವಿನ್’ ಎಂಬ ವಾಕ್ಯದಲ್ಲಿ ‘ವಾನ್ನ ವಿನ್’ ಎಂದರೆ ಬಹುತೇಕ ಇಂಗ್ಲಿಷ್ ಭಾಷಿಕರ ಕಿವಿಗೆ ಒಗ್ಗುವುದಿಲ್ಲ. ಗೆಲ್ಲುವವರು ಬೇರೊಬ್ಬರು, ಅವರನ್ನು ಸೂಚಿಸುವ ‘ಹೂ’ ಪದದ ಮೂಲಸ್ಥಾನ ‘ವಾಂಟ್’ ಮತ್ತು ‘ಟು’ಗಳ ನಡುವೆಯೇ ಇರುವುದರಿಂದ ಆ ಎರಡು ಪದಗಳು ಬೆಸೆದುಕೊಳ್ಳುವುದಿಲ್ಲ ಎಂಬುದು ಒಂದು ವಿವರಣೆ. ಭಾಷಾವಿಜ್ಞಾನಿಗಳು ಈ ಒಂದು ಚಿಕ್ಕ ರೂಪವನ್ನು ಮುಂದಿಟ್ಟುಕೊಂಡು 1970ರ ದಶಕದಿಂದ ವಾದ ಮಾಡುತ್ತ ಬಂದಿದ್ದಾರೆ. ಬಳಸುವವರಿಗೆ ಮಾತ್ರ ಇದಾವುದರ ಅರಿವೂ ಇರುವುದಿಲ್ಲ.

ಹಿಡಿಯುವ ಬಗೆಗೆ ಬಂದರೆ, ರೂಪಗಳ ಪಟ್ಟಿಯನ್ನು ಉರು ಹೊಡೆಯುವುದಕ್ಕಿಂತ ಧ್ವನಿಗಳು ಬದಲಾಗುವ ಕೆಲವು ಕ್ರಮಗಳನ್ನು ಗುರುತಿಸಿಕೊಳ್ಳುವುದು ಲೇಸು. ‘ಡ್’ ಆದಮೇಲೆ ‘ಯ್’ ಬಂದರೆ ಎರಡೂ ಸೇರಿ ‘ಜ್’ ಆಗುತ್ತವೆ, ‘ಟ್’ ಆದಮೇಲೆ ‘ಯ್’ ಬಂದರೆ ‘ಚ್’ ಆಗುತ್ತದೆ: ‘ವುಡ್ ಯು’ ಹೋಗಿ ‘ವುಜ’, ‘ಡೋಂಟ್ ಯು’ ಹೋಗಿ ‘ಡೋಂಚ’. ಅಮೆರಿಕದವರ ಬಾಯಲ್ಲಿ ‘ನ್’ ನಂತರದ ‘ಟ್’ ಅನೇಕ ವೇಳೆ ಉದುರಿಹೋಗುತ್ತದೆ. ‘ಟ್ವೆಂಟಿ’ ಎಂಬುದು ‘ಟ್ವೆನಿ’ ಆಗುವುದೂ ‘ವಾಂಟ್ ಟು’ ಎಂಬುದು ‘ವಾನ್ನ’ ಆಗುವುದೂ ಒಂದೇ ದಾರಿಯಲ್ಲಿ. ಒತ್ತಿಲ್ಲದ ‘ಹಿ’, ‘ಹಿಮ್’, ‘ಹರ್’ಗಳ ಹಕಾರ ಬಿದ್ದು ‘ಟೆಲ್ ಹಿಮ್’ ಎಂಬುದು ‘ಟೆಲಿಮ್’ ಎಂದು ಕೇಳಿಸುತ್ತದೆ. ಇವೆಲ್ಲ ಒಟ್ಟಾದರೆ ಎಲ್ಲಿಯವರೆಗೆ ಹೋಗಬಹುದೆಂದರೆ, ಊಟವಾಯಿತೇ ಎಂದು ಕೇಳುವ ‘ಡಿಡ್ ಯು ಈಟ್ ಯೆಟ್’ ಎಂಬ ನಾಲ್ಕು ಪದಗಳ ಪ್ರಶ್ನೆ ‘ಜೀಟ್ಯೆಟ್’ ಎಂದು ಒಂದೇ ಉಸಿರಿನಲ್ಲಿ ಮುಗಿಯುತ್ತದೆ. ಮೊದಲಿನ ‘ಡಿ’ ಮಾಯ, ‘ಡ್’ ಮತ್ತು ‘ಯ್’ ಕೂಡಿ ‘ಜ್’, ‘ಯು’ವಿನ ಸ್ವರ ಮಾಯ, ಒತ್ತು ಬಿದ್ದ ‘ಈಟ್’ ಮಾತ್ರ ಗಟ್ಟಿ. ಅಂದಹಾಗೆ, ‘ಟೆಲ್ ಎಮ್’ ಎಂಬಲ್ಲಿನ ‘ಎಮ್’ ರೂಪವು ‘ದೆಮ್’ ಸವೆದು ಆದದ್ದೆಂದು ಬಹಳ ಮಂದಿ ನಂಬಿದ್ದರೂ, ಅದು ‘ದೆಮ್’ಗಿಂತ ಮೊದಲು ಇಂಗ್ಲಿಷಿನಲ್ಲಿದ್ದ ‘ಹೆಮ್’ ಎಂಬ ಹಳೆಯ ಸರ್ವನಾಮದ ಉಳಿಕೆ.

ಒಂದು ದೃಶ್ಯವನ್ನು ಮೊದಲು ಸಬ್‌ಟೈಟಲ್ ಇಲ್ಲದೆ ಕೇಳಿ, ಕೇಳಿಸಿದ್ದನ್ನು ಕನ್ನಡ ಲಿಪಿಯಲ್ಲಿಯೇ ಬರೆದುಕೊಂಡು, ಅನಂತರ ಸಬ್‌ಟೈಟಲ್ ಜೊತೆ ಹೋಲಿಸಿ ನೋಡಿ. ಕೇಳಿಸಿದ ಧ್ವನಿಯನ್ನು ಬರೆದುಕೊಳ್ಳಲು ನಮ್ಮ ಲಿಪಿ ಇಂಗ್ಲಿಷ್ ಕಾಗುಣಿತಕ್ಕಿಂತ ಎಷ್ಟೋ ಮೇಲು.

ಪ್ರಶ್ನೆ: ಅಮೆರಿಕದ ಗ್ರಾಹಕರೊಡನೆ ದಿನವೂ ಫೋನಿನಲ್ಲಿ ಮಾತನಾಡುವುದು ನನ್ನ ಕೆಲಸ. ಅವರು ‘ಕ್ಯಾನ್’ ಎಂದರೋ ‘ಕ್ಯಾಂಟ್’ ಎಂದರೋ ತಿಳಿಯದೆ ಪೇಚಿಗೆ ಸಿಲುಕುತ್ತೇನೆ. ‘ಐಡ್’ ಎಂದಾಗ ಅದು ‘ಹ್ಯಾಡ್’ ಆಗಿರಬೇಕೋ ‘ವುಡ್’ ಆಗಿರಬೇಕೋ ಎಂಬ ಗೊಂದಲವೂ ಇದೆ.
– ಓದುಗರೊಬ್ಬರು, ಬೆಂಗಳೂರು

ಉತ್ತರ: ‘ಕ್ಯಾಂಟ್’ ಪದದ ಕೊನೆಯ ‘ಟ್’ಗಾಗಿ ಕಾಯಬೇಡಿ, ಅಮೆರಿಕದವರು ಅದನ್ನು ಬಹುಮಟ್ಟಿಗೆ ನುಂಗಿಬಿಡುತ್ತಾರೆ. ಸ್ವರವನ್ನೂ ಒತ್ತನ್ನೂ ಗಮನಿಸಿ. ಬರಬಲ್ಲೆ ಎನ್ನುವವರು ‘ಐ ಕನ್ ಕಮ್’ ಎಂದು ಮೊದಲಿನ ಪದವನ್ನು ಮೊಟಕುಗೊಳಿಸಿ ‘ಕಮ್’ ಮೇಲೆ ಒತ್ತು ಹಾಕುತ್ತಾರೆ. ಬರಲಾರೆ ಎನ್ನುವವರು ‘ಕ್ಯಾನ್’ ಎಂಬ ಭಾಗವನ್ನು ಪೂರ್ಣ ಸ್ವರದೊಂದಿಗೆ, ಒತ್ತಿನೊಂದಿಗೆ ಉಚ್ಚರಿಸುತ್ತಾರೆ. ತೊಡಕು ಎರಡೂ ಕಡೆಯಿದೆ: ನಾವು ‘ಐ ಕ್ಯಾನ್ ಕಮ್’ ಎಂದು ಸ್ಪಷ್ಟವಾಗಿ ಹೇಳಿದ್ದು ಅವರಿಗೆ ‘ಕ್ಯಾಂಟ್’ ಎಂದು ಕೇಳಿಸಬಹುದು. ಆದ್ದರಿಂದ ಇಲ್ಲವೆನ್ನಬೇಕಾದಾಗ ‘ಕೆನಾಟ್’ ಎಂದೇ ಬಿಡಿಸಿ ಹೇಳುವುದು ಕ್ಷೇಮ. ಲಂಡನ್ನಿನ ಕಡೆಯವರು ‘ಕಾಂಟ್’ ಎಂದು ದೀರ್ಘ ಆಕಾರ ಬಳಸುವುದರಿಂದ ಅವರೊಡನೆ ಈ ತೊಂದರೆಯಿಲ್ಲ.

‘ಐಡ್’ ಎಂಬುದಕ್ಕೆ ಉತ್ತರ ಅದರ ಮುಂದಿನ ಪದದಲ್ಲಿದೆ. ‘ಐಡ್ ಗೋ’ ಎಂದರೆ ‘ವುಡ್’, ‘ಐಡ್ ಗಾನ್’ ಎಂದರೆ ‘ಹ್ಯಾಡ್’, ‘ಐಡ್ ಬೆಟರ್’ ಎಂದರೂ ‘ಹ್ಯಾಡ್’. ‘ಕಮ್’, ‘ಪುಟ್’, ‘ಕಟ್’ಗಳಂತೆ ಎರಡೂ ರೂಪ ಒಂದೇ ಆಗಿರುವ ಕಡೆ ಸಂದರ್ಭವೇ ಹೇಳಬೇಕು. ‘ಹೀಸ್ ಗೋಯಿಂಗ್’ ಎಂಬಲ್ಲಿ ‘ಈಸ್’, ‘ಹೀಸ್ ಬೀನ್’ ಎಂಬಲ್ಲಿ ‘ಹ್ಯಾಸ್’ ಎಂಬುದೂ ಇದೇ ಬಗೆಯದು. ‘ಶುಡ್ ಹ್ಯಾವ್’ ಎಂಬುದು ‘ಶುಡವ್’ ಎಂದು ಕುಗ್ಗಿದಾಗ ಇಂಗ್ಲಿಷ್ ಮನೆಮಾತಿನವರೇ ಅದನ್ನು ‘ಶುಡ್ ಆಫ್’ ಎಂದು ತಪ್ಪಾಗಿ ಬರೆಯುವುದುಂಟು, ಹಾಗಾಗಿ ನಿಮ್ಮ ಗೊಂದಲಕ್ಕೆ ನಾಚಬೇಕಾದ್ದೇನೂ ಇಲ್ಲ.

ಪ್ರಶ್ನೆ: ನನ್ನ ಮಗಳು ಪರೀಕ್ಷೆಯ ಪ್ರಬಂಧದಲ್ಲಿ ‘ಗೊನ್ನ’ ಎಂದು ಬರೆಯುತ್ತಾಳೆ, ಮನೆಯಲ್ಲಿ ‘ಏಂಟ್’ ಎನ್ನುತ್ತಾಳೆ. ತಿದ್ದಬೇಕೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಪ್ರಬಂಧದಲ್ಲಿ ತಿದ್ದಿ. ಕಥೆಯೊಳಗಿನ ಪಾತ್ರವೊಂದರ ಬಾಯಲ್ಲಿ ‘ಗೊನ್ನ’ ಬಂದರೆ ಅದು ಸರಿಯೇ, ಬರೆಯುವವಳ ಸ್ವಂತ ವಾಕ್ಯದಲ್ಲಿ ಬಂದರೆ ಅಂಕ ಹೋಗುತ್ತದೆ. ‘ಡೋಂಟ್’, ‘ಐಮ್’ಗಳಿಗೆ ಸ್ವಲ್ಪ ಹೆಚ್ಚಿನ ಮರ್ಯಾದೆಯಿದ್ದರೂ ಔಪಚಾರಿಕ ಬರವಣಿಗೆಯಲ್ಲಿ ಅವನ್ನೂ ಬಿಡಿಸಿ ಬರೆಯುವುದು ವಾಡಿಕೆ. ಈ ಮರ್ಯಾದೆಯ ಅಳತೆ ಕಾಲಕಾಲಕ್ಕೆ ಬದಲಾಗುತ್ತದೆ ಎನ್ನಿ: ‘ಗಲಿವರ್ಸ್ ಟ್ರಾವೆಲ್ಸ್’ ಬರೆದ ಜೊನಾಥನ್ ಸ್ವಿಫ್ಟ್ 1710ರಲ್ಲಿ ‘ಟ್ಯಾಟ್ಲರ್’ ಪತ್ರಿಕೆಯಲ್ಲಿ ‘ಕಾಂಟ್’, ‘ಶಾಂಟ್’ (‘ಶಲ್ ನಾಟ್’)ಗಳಂಥ ರೂಪಗಳ ಮೇಲೆ ಹರಿಹಾಯ್ದಿದ್ದ, ಅದೇ ಬರಹದಲ್ಲಿ ಲ್ಯಾಟಿನ್ ಪದಪುಂಜವೊಂದನ್ನು ಕತ್ತರಿಸಿ ಮಾಡಿದ, ದೊಂಬಿ ಜನ ಎಂಬ ಅರ್ಥದ ‘ಮಾಬ್’ ಎಂಬ ಪದವನ್ನೂ ದೂರಿದ್ದ. ಎರಡೂ ಉಳಿದುಕೊಂಡವು.

‘ಏಂಟ್’ ಎಂಬುದು ‘ಆಮ್ ನಾಟ್’, ‘ಈಸ್ ನಾಟ್’, ‘ಹ್ಯಾವ್ ನಾಟ್’ ಇವೆಲ್ಲದರ ಬದಲಿಗೆ ಇಂಗ್ಲೆಂಡ್, ಅಮೆರಿಕಗಳ ಅನೇಕ ಆಡುನುಡಿಗಳಲ್ಲಿ ಬಳಕೆಯಲ್ಲಿದೆಯಾದರೂ ಶಿಷ್ಟ ಭಾಷೆಯಲ್ಲಿ ಅದಕ್ಕೆ ಜಾಗವಿಲ್ಲ. ಮನೆಯ ಮಾತಿನಲ್ಲಿ ಅದರಿಂದಾಗುವ ನಷ್ಟವೂ ಇಲ್ಲ. ಇವೆರಡಕ್ಕಿಂತ ಮೊದಲು ತಿದ್ದಬೇಕಾದ ತಪ್ಪೊಂದು ನಮ್ಮ ಶಾಲೆಗಳಲ್ಲಿ ಆಗಾಗ ಕೇಳಿಬರುತ್ತದೆ: ‘ಆರ್ ಯು ರೆಡಿ’ ಎಂದರೆ ‘ಯೆಸ್, ಐಮ್’ ಎಂದು ಅಲ್ಲಿಗೇ ನಿಲ್ಲಿಸುವುದು. ವಾಕ್ಯದ ಕೊನೆಯಲ್ಲಿ ಒತ್ತು ಬೀಳುವುದರಿಂದ ಅಲ್ಲಿ ‘ಆಮ್’ ಕುಗ್ಗಲಾರದು; ‘ಯೆಸ್, ಐ ಆಮ್’ ಎಂದೇ ಹೇಳಬೇಕು. ಇಲ್ಲವೆನ್ನುವಾಗ ಮಾತ್ರ ‘ನೋ, ಐಮ್ ನಾಟ್’ ಎನ್ನಲು ಅಡ್ಡಿಯಿಲ್ಲ, ಏಕೆಂದರೆ ಆಗ ಒತ್ತು ‘ನಾಟ್’ ಮೇಲೆ ಬೀಳುತ್ತದೆ.