ತಂದೆಗೆ ಹಾಕಿದ ಸ್ಟೆಂಟ್ ಯಾವ ಕಂಪೆನಿಯದ್ದೆಂದು ತಿಳಿಯುವುದು ಹೇಗೆ? ಹಲ್ಲು ಕೀಳಿಸಲು ಮಾತ್ರೆ ನಿಲ್ಲಿಸಬಹುದೇ?
ನೀವು ಕುಂಬಳೆಯವರು, ತಂದೆಯವರಿಗೆ ಹಾರ್ಟ್ ಅಟ್ಯಾಕ್ ಆಗಿ ಮಂಗಳೂರಿನಲ್ಲಿ ಸ್ಟೆಂಟ್ (ಹೃದಯದ ರಕ್ತನಾಳವನ್ನು ತೆರೆದಿಡುವ ಲೋಹದ ಬಲೆಯಂಥ ಕೊಳವೆ) ಹಾಕಿಸಿ ನಾಲ್ಕು ತಿಂಗಳಾಗಿದೆ, ಬಿಲ್ಲಿನಲ್ಲಿ ‘ಡಿಇಎಸ್’ ಎಂದಷ್ಟೇ ಇದೆ ಎಂದಿದ್ದೀರಿ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿರುವ ಮಾತ್ರೆಯ ವಿಷಯ ಮೊದಲು ಹೇಳುತ್ತೇನೆ: ನೀವಾಗಿ ನಿಲ್ಲಿಸಲೇಬೇಡಿ.

ಡಿಇಎಸ್ ಎಂದರೆ ಔಷಧ ಲೇಪಿಸಿದ ಸ್ಟೆಂಟ್. ಒಳಗೆ ಮಾಂಸ ಬೆಳೆದು ರಕ್ತನಾಳ ಮತ್ತೆ ಕಟ್ಟದಂತೆ ಸಿರೋಲಿಮಸ್, ಎವೆರೋಲಿಮಸ್‌ನಂಥ ಔಷಧ ತಡೆಯುತ್ತದೆ. ಆದರೆ ಅದೇ ಔಷಧದಿಂದ ಲೋಹದ ಮೇಲೆ ಒಳಪೊರೆ ಮುಚ್ಚಿಕೊಳ್ಳುವುದೂ ತಡವಾಗುತ್ತದೆ. ಅಲ್ಲಿಯವರೆಗೆ ಬರಿಯ ಲೋಹಕ್ಕೆ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಅಂಟಿ ಹೆಪ್ಪುಗಟ್ಟಿದರೆ ಮತ್ತೆ ಅಟ್ಯಾಕ್. ಹಾಗಾಗಿಯೇ ಅಟ್ಯಾಕ್ ಆದವರಿಗೆ ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲರ್ ಸಾಮಾನ್ಯವಾಗಿ 12 ತಿಂಗಳು ಕೊಡುತ್ತಾರೆ. ಒಂದು ಹಲ್ಲನ್ನು ಹೆಚ್ಚಾಗಿ ಮಾತ್ರೆ ನಿಲ್ಲಿಸದೆಯೇ ಕೀಳುತ್ತಾರೆ; ಹೊಲಿಗೆ ಹಾಕಿ, ಗಾಜ್ ಬಟ್ಟೆ ಕಚ್ಚಿಸಿ ಅರ್ಧ ಗಂಟೆ ಕೂರಿಸಿದರೆ ರಕ್ತ ನಿಲ್ಲುತ್ತದೆ. ದಂತವೈದ್ಯರು ಹೃದಯದ ಡಾಕ್ಟರಿಗೆ ಒಂದು ಫೋನ್ ಮಾಡಲಿ.

ಕಂಪೆನಿ ತಿಳಿಯಲು ಸ್ಟಿಕ್ಕರ್ ಹುಡುಕಿ. ಸ್ಟೆಂಟಿನ ಪೆಟ್ಟಿಗೆಯಲ್ಲಿರುವ ಸ್ಟಿಕ್ಕರನ್ನು ಕ್ಯಾಥ್‌ಲ್ಯಾಬಿನವರು (ಸ್ಟೆಂಟ್ ಹಾಕುವ ಕೋಣೆಯವರು) ಕೇಸ್ ಶೀಟಿಗೂ ಡಿಸ್‌ಚಾರ್ಜ್ ಸಮ್ಮರಿಗೋ ಇಂಪ್ಲಾಂಟ್ ಕಾರ್ಡಿಗೋ ಅಂಟಿಸಿರುತ್ತಾರೆ. ಕಂಪೆನಿ, ಬ್ರಾಂಡ್, ಲಾಟ್ ನಂಬರ್, ಅಳತೆ ಎಲ್ಲವೂ ಅದರಲ್ಲಿದೆ. 3.0 × 28 ಎಂದಿದ್ದರೆ 3 ಮಿ.ಮೀ. ವ್ಯಾಸ, 28 ಮಿ.ಮೀ. ಉದ್ದ. ಸಿಗದಿದ್ದರೆ ಬಿಲ್ಲಿಂಗ್‌ನಲ್ಲಿ ಕೇಳಿ. 2017ರ ಫೆಬ್ರುವರಿಯಲ್ಲಿ ಸರ್ಕಾರ ಡಿಇಎಸ್‌ಗೆ 29,600 ರೂಪಾಯಿ ಗರಿಷ್ಠ ಬೆಲೆ ಗೊತ್ತುಮಾಡಿದಾಗಲೇ (ಆಮೇಲೆ ಅದು ಪರಿಷ್ಕಾರವಾಗಿದೆ) ಸ್ಟೆಂಟಿನ ಬೆಲೆ, ಬ್ರಾಂಡ್, ತಯಾರಕರು, ಬ್ಯಾಚ್ ನಂಬರ್ ಬಿಲ್ಲಿನಲ್ಲಿ ಬೇರೆಯಾಗಿಯೇ ಇರಬೇಕೆಂದು ಹೇಳಿತ್ತು. ಕೇಳಲು ಸಂಕೋಚ ಬೇಡ.

ಅಬಾಟ್, ಮೆಡ್‌ಟ್ರಾನಿಕ್, ಬೋಸ್ಟನ್ ಸೈಂಟಿಫಿಕ್ ಇರಲಿ, ನಮ್ಮಲ್ಲೇ ಸೂರತ್ತಿನ ಸಹಜಾನಂದ, ವಾಪಿಯ ಮೆರಿಲ್ ಇರಲಿ, ಹೆಸರಿಗಿಂತ ಸ್ಟೆಂಟ್ ಪೂರ್ತಿ ಅರಳಿದೆಯೇ ಎಂಬುದೇ ನನಗೆ ದೊಡ್ಡದು. ಸುಣ್ಣ ಕಟ್ಟಿ ಗಟ್ಟಿಯಾದ ನಾಳದಲ್ಲಿ ಬಲೂನಿನ 10–12 ಅಟ್ಮಾಸ್ಫಿಯರ್ (ಸುತ್ತಲ ಗಾಳಿಯ 10–12 ಪಟ್ಟು) ಒತ್ತಡಕ್ಕೆ ಅದು ಅರೆಬರೆ ಅರಳಿ ನಿಲ್ಲುತ್ತದೆ. ಆಗ ಗಟ್ಟಿ ಬಲೂನ್ ಹಾಕಿ 18–20ರವರೆಗೆ ಹಿಗ್ಗಿಸುತ್ತಾರೆ. ರಿಪೋರ್ಟಿನಲ್ಲಿ ‘ಪೋಸ್ಟ್ ಡೈಲಟೇಶನ್’ ಎಂದಿದ್ದರೆ ಅದೇ ಇದು.

ಮಂಗಳೂರಿನ ಚೀಟಿಯಲ್ಲಿರುವ ಬ್ರಾಂಡ್ ಕುಂಬಳೆಯ ಮೆಡಿಕಲ್‌ನಲ್ಲಿ ಇಲ್ಲದಿದ್ದರೆ ಒಳಗಿನ ಔಷಧದ ಹೆಸರು ನೋಡಿ ತಕ್ಕೊಳ್ಳಿ. ದಿನಕ್ಕೊಂದು ಕ್ಲೋಪಿಡೋಗ್ರೆಲ್ 75 ಬೇರೆ, ದಿನಕ್ಕೆರಡು ಟಿಕಾಗ್ರೆಲರ್ 90 ಬೇರೆ. ಗ್ಯಾಸ್ಟ್ರಿಕ್ಕಿಗೆಂದು ನೀವೇ ಒಮೆಪ್ರಜೋಲ್ ತರಬೇಡಿ, ಅದು ಕ್ಲೋಪಿಡೋಗ್ರೆಲಿನ ಬಲ ತಗ್ಗಿಸುತ್ತದೆ. ಪ್ಯಾಂಟೊಪ್ರಜೋಲ್ ಆಗಬಹುದೇ ಎಂದು ಕೇಳಿ. ಟಿಕಾಗ್ರೆಲರಿನಿಂದ ಕೆಲವರಿಗೆ ಉಬ್ಬಸ ಬಂದಂತಾಗುತ್ತದೆ. ಹಾಗಾದರೂ ಮಾತ್ರೆ ಬಿಡದೆ ಡಾಕ್ಟರಿಗೆ ತಿಳಿಸಿ, ಅವರು ಬೇರೆ ಮಾತ್ರೆಗೆ ಬದಲಿಸಬಹುದು.