ಅರಣ್ಯ ಕೆಲಸಗಾರರ ರಕ್ತಪರೀಕ್ಷೆಯ ಅಂಕಿಗಳನ್ನು ಓದುವ ಬಗೆ

ನಿಮ್ಮ ತಂಡದ 60 ಮಂದಿಯ ರಕ್ತಪರೀಕ್ಷೆಯಲ್ಲಿ 12 ಮಂದಿಗೆ, ಉಣುಗು ಕಚ್ಚಿ ಹರಡುವ ಲೈಮ್ ಕಾಯಿಲೆಯ ಐಜಿಜಿ ಪ್ರತಿಕಾಯ (ಸೋಂಕಿನ ವಿರುದ್ಧ ದೇಹ ಹುಟ್ಟಿಸುವ, ರಕ್ತದಲ್ಲಿ ಬಹುಕಾಲ ಉಳಿಯುವ ಪ್ರೋಟೀನ್) ಕಂಡಿದೆ, ಹಾಗಾದರೆ ಐವರಲ್ಲಿ ಒಬ್ಬರಿಗೆ ಈ ವರ್ಷ ಸೋಂಕು ತಗುಲಿದೆ ಎನ್ನಬಹುದೇ ಎಂದು ಕೇಳಿದ್ದೀರಿ. ಹಾಗೆನ್ನಲು ಬರುವುದಿಲ್ಲ. ಐಜಿಜಿ ಎಂಬುದು ಎಂದೋ ಆಗಿಹೋದ ಸೋಂಕಿನ ಗುರುತೂ ಆಗಿರಬಹುದು. ಹಲವು ವರ್ಷಗಳ ಹಿಂದೆ ಕಚ್ಚಿದ ಉಣುಗು ಕೂಡ ಆ ಲೆಕ್ಕದಲ್ಲಿ ಸೇರಿರುತ್ತದೆ. ಅಲ್ಲದೆ, ಇಷ್ಟು ಚಿಕ್ಕ ಗುಂಪಿನಲ್ಲಿ ನಿಜವಾದ ಪ್ರಮಾಣ ಶೇ. 12ರಿಂದ 32ರವರೆಗೆ ಎಲ್ಲಿಯೂ ಇದ್ದೀತು. ಸೋಂಕಿಲ್ಲದ ನೂರು ಜನರಲ್ಲಿ ಐವರನ್ನು ತಪ್ಪಾಗಿ ಪಾಸಿಟಿವ್ ಎನ್ನುವ ಪರೀಕ್ಷೆಯಾದರೆ, ಯಾರಿಗೂ ಸೋಂಕೇ ಇಲ್ಲದ 60 ಮಂದಿಯಲ್ಲೂ ಸರಾಸರಿ ಮೂವರು ಪಾಸಿಟಿವ್ ಬರುತ್ತಾರೆ. ಎಲೈಸಾ ಎಂಬ ಮೊದಲ ಹಂತದ ರಕ್ತಪರೀಕ್ಷೆಯ ಫಲಿತಾಂಶವನ್ನು ಇಮ್ಯುನೊಬ್ಲಾಟ್ ಎಂಬ ಎರಡನೇ ಹಂತದ ಪರೀಕ್ಷೆ ಮಾಡಿ ಖಚಿತಪಡಿಸಿದ್ದಾರೆಯೇ ಎಂದು ಮೊದಲು ವಿಚಾರಿಸಿ.

ಈ ವರ್ಷದ ಸೋಂಕನ್ನೇ ತಿಳಿಯಬೇಕಿದ್ದರೆ, ಉಣುಗಿನ ಕಾಲ ಶುರುವಾಗುವ ಮುನ್ನ ಒಮ್ಮೆ, ಮುಗಿದು ಕೆಲವು ವಾರಗಳಾದ ಮೇಲೆ ಇನ್ನೊಮ್ಮೆ ಅದೇ ವ್ಯಕ್ತಿಗಳ ರಕ್ತ ತೆಗೆದು, ನೆಗೆಟಿವ್ ಇದ್ದವರಲ್ಲಿ ಎಷ್ಟು ಮಂದಿ ಪಾಸಿಟಿವ್ ಆದರೆಂದು ನೋಡಬೇಕು. ಜೊತೆಗೆ ಅದೇ ಸೀಮೆಯಲ್ಲಿ ವಾಸಿಸುವ, ಅದೇ ವಯಸ್ಸಿನ, ಕಾಡಿಗೆ ಹೋಗದ ನೌಕರರ ರಕ್ತವೂ ಬೇಕು. ಹೋಲಿಕೆಯಿಲ್ಲದೆ ಕೆಲಸದ ಪಾಲು ಎಷ್ಟು, ಮನೆಯ ಹಿತ್ತಲಿನ ಪಾಲು ಎಷ್ಟು ಎಂದು ಬಿಡಿಸಲಾಗದು. ಉಣುಗಿನಿಂದ ಹರಡುವ ಮಿದುಳಿನ ಉರಿಯೂತಕ್ಕೆ ಲಸಿಕೆ ಪಡೆದವರನ್ನು ಬೇರೆಯಾಗಿ ಬರೆದಿಡಿ, ಏಕೆಂದರೆ ಆ ಕಾಯಿಲೆಯ ಪ್ರತಿಕಾಯವನ್ನು ಲಸಿಕೆಯೂ ಹುಟ್ಟಿಸುತ್ತದೆ.

ಕಡಿತದ ವಿಷಯದಲ್ಲಿ ನೆನಪನ್ನು ನಂಬಬೇಡಿ. ಬಿಳಿ ಫ್ಲಾನೆಲ್ ಬಟ್ಟೆಯನ್ನು ಹುಲ್ಲಿನ ಮೇಲೆ ನಿಧಾನವಾಗಿ ಎಳೆದು ಮಗುಚಿ ನೋಡಿದರೆ, ಗಸಗಸೆ ಕಾಳಿನಷ್ಟಿರುವ ಮರಿ ಉಣುಗು ಕಾಲಾಡಿಸುವುದು ಕಾಣುತ್ತದೆ. ಬೆವರಿದ ಮಂಡಿಯ ಹಿಂಬದಿಯಲ್ಲಿ ಅದು ಕೂತದ್ದು ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಪ್ರತಿ ಸಂಜೆ ಮೈ ನೋಡಿಕೊಂಡು, ಕಿತ್ತ ಉಣುಗುಗಳನ್ನು ಎಣಿಸಿ ಬರೆಯುವ ಪುಸ್ತಕವೊಂದಿರಲಿ.

ಇಲಿಗಳಿಂದ ಬರುವ ಕಾಯಿಲೆಗಳ ಲೆಕ್ಕವನ್ನು ಇದರೊಂದಿಗೆ ಬೆರೆಸಬೇಡಿ. ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲ ಹಂಟಾ ವೈರಸ್ ಮುಖ್ಯವಾಗಿ ಇಲಿಯ ಮೂತ್ರ, ಹಿಕ್ಕೆ ಒಣಗಿ ಎದ್ದ ಧೂಳಿನೊಂದಿಗೆ ಉಸಿರಿಗೆ ಸೇರುತ್ತದೆ. ಹೀಗಾಗಿ ಮರ ಕಡಿದ ದಿನಗಳಿಗಿಂತ, ಮುಚ್ಚಿಟ್ಟ ಶೆಡ್ಡನ್ನು ಒಣ ಪೊರಕೆಯಿಂದ ಗುಡಿಸಿದ ಅರ್ಧ ಗಂಟೆ ಹೆಚ್ಚು ಅಪಾಯದ್ದಾಗಿರಬಹುದು; ಪ್ರಶ್ನಾವಳಿಯಲ್ಲಿ ಅದನ್ನು ತಪ್ಪದೆ ಕೇಳಿ. ಇಲಿಯ ಮೂತ್ರ ಬೆರೆತ ನೀರಿನಿಂದ ಹರಡುವ ಇಲಿ ಜ್ವರಕ್ಕಾದರೆ ಕೆಸರು ನೀರು ಮತ್ತು ಕೈಕಾಲಿನ ಗಾಯಗಳ ಬಗ್ಗೆ ಕೇಳಬೇಕು.

ಇನ್ನೊಂದು ಮಾತು ನನಗೆ ಬಹಳ ಮುಖ್ಯವೆನಿಸುತ್ತದೆ. ನಿಮ್ಮ 60 ಮಂದಿ ಈಗ ಕೆಲಸದಲ್ಲಿರುವವರು. ಕೀಲುನೋವಿನಿಂದಲೋ ಮೂತ್ರಪಿಂಡದ ತೊಂದರೆಯಿಂದಲೋ ಕೆಲಸ ಬಿಟ್ಟವರು ಆ ಪಟ್ಟಿಯಲ್ಲಿಲ್ಲ. ಹಳೆಯ ಹಾಜರಿ ಪುಸ್ತಕ ತೆಗೆದು, ಅವರನ್ನೂ ಹುಡುಕಿ ಮಾತನಾಡಿಸಿ.