ದೊಡ್ಡ ಕಾರು ಕೊಂಡ ಮೇಲೂ ಘಾಟಿಯಲ್ಲಿ ಅಮ್ಮನಿಗೆ ವಾಂತಿ: ಕಾರಣ ತೂಕವೇ, ಬಾಡಿಯೇ?

ಸಣ್ಣ ಕಾರು ಮಾರಿ ಏಳು ಸೀಟಿನ ಎತ್ತರದ ಗಾಡಿ ಕೊಂಡಿದ್ದೀರಿ. ಆದರೂ ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಷ್ಟರಲ್ಲಿ ಕೊನೆಯ ಸಾಲಿನಲ್ಲಿ ಕುಳಿತ ನಿಮ್ಮ ತಾಯಿಯವರು ಮೊದಲಿಗಿಂತ ಹೆಚ್ಚು ಬಳಲುತ್ತಾರೆ. ತೂಕದ ಗಾಡಿ ಹಾಯಾಗಿರಬೇಕಲ್ಲವೇ ಎಂದು ಕೇಳಿದ್ದೀರಿ.

ತೂಕ ಎಷ್ಟು ಎಂಬುದಕ್ಕಿಂತ ಅದು ಎಲ್ಲಿದೆ ಎಂಬುದು ಮುಖ್ಯ. ನನಗೆ ಇದನ್ನು ಕಲಿಸಿದ್ದು ನಮ್ಮ ತೋಟದ ಹಳೆಯ ಜೀಪು. ಖಾಲಿ ಓಡಿಸಿದರೆ ಹಲ್ಲು ಕಟಕಟ ಎನ್ನುತ್ತದೆ. 50 ಕಿಲೋದ ಆರು ಕಾಫಿ ಚೀಲ ಹೇರಿದ ದಿನ ಅದೇ ಜೀಪು ಅದೇ ಕಲ್ಲುದಾರಿಯಲ್ಲಿ ತೊಟ್ಟಿಲಿನಂತೆ ಸಾಗುತ್ತದೆ. ಹಿಂಚಕ್ರಗಳ ಮೇಲಿನ ಸ್ಪ್ರಿಂಗ್ ಪ್ಲೇಟುಗಳು ಹೊರೆಯ ಲೆಕ್ಕಕ್ಕೆ ಬಿಗಿಯಾಗಿರುತ್ತವೆ. ಮೇಲೆ ಭಾರವಿಲ್ಲದಿದ್ದರೆ ಸರಿಯಾಗಿ ಬಾಗುವುದಿಲ್ಲ, ಗುಂಡಿಯ ಪೆಟ್ಟು ಬೆನ್ನಿಗೇ ಬರುತ್ತದೆ. ನಿಮ್ಮ ಗಾಡಿಯ ಸ್ಪ್ರಿಂಗೂ ಏಳು ಜನರನ್ನು ಹೊರಬೇಕಾದದ್ದು. ನೀವು ಹೋಗುವುದು ಮೂವರು.

ಇನ್ನು ಕೂರುವ ಜಾಗ. ಮುಂಚಕ್ರ ಗುಂಡಿಗೆ ಇಳಿದು ಎದ್ದ ಮೇಲೆ ಹಿಂಚಕ್ರದ ಸರದಿ. ಆಗ ಕಾರು ಏತದ ಮರದಂತೆ ತೂಗುತ್ತದೆ. ನಡುವೆ ಕುಳಿತವರಿಗೆ ಅದು ಅಷ್ಟಾಗಿ ತಿಳಿಯುವುದಿಲ್ಲ, ತುದಿಯಲ್ಲಿದ್ದವರು ಹಾರಿ ಬೀಳುತ್ತಾರೆ. ಮೂರನೆಯ ಸಾಲು ಹೆಚ್ಚುಕಡಿಮೆ ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಆಕ್ಸಲ್‌ನ ನೆತ್ತಿಯ ಮೇಲೆಯೇ ಇರುತ್ತದೆ. 1934ರ ಕ್ರೈಸ್ಲರ್ ಏರ್‌ಫ್ಲೋ ಕಾರಿನಲ್ಲಿ ಎಂಜಿನ್ನನ್ನು ಮುಂದಕ್ಕೆ ಸರಿಸಿ, ಹಿಂದಿನ ಸೀಟನ್ನು ಆಕ್ಸಲ್‌ಗಿಂತ ಮುಂದೆ ತಂದದ್ದು ಇದೇ ಕಾರಣಕ್ಕೆ. ಆ ಕಾರನ್ನು ಜನ ಕೊಳ್ಳಲಿಲ್ಲ, ಆದರೆ ಉಪಾಯ ಉಳಿಯಿತು. ಅದೇ ಕಾಲದಲ್ಲಿ ಜನರಲ್ ಮೋಟರ್ಸ್‌ನ ಮಾರಿಸ್ ಒಲೀ ಎಂಬ ಎಂಜಿನಿಯರ್ ಕಾರಿನ ಎರಡೂ ತುದಿಗಳಲ್ಲಿ ತೂಕ ಇಟ್ಟು, ಸರಿಸಿ ಪರೀಕ್ಷಿಸಿದರು. ಮುಂದಿನ ಸ್ಪ್ರಿಂಗ್ ಹಿಂದಿನದಕ್ಕಿಂತ ಮೆದುವಾಗಿದ್ದರೆ ತೂಗಾಟ ಬೇಗ ಅಡಗುತ್ತದೆ ಎಂಬುದು ಅವರು ಕಂಡುಕೊಂಡದ್ದು. ಎರಡು ಆಕ್ಸಲ್‌ಗಳ ನಡುವಿನ ಅಂತರವೂ ಲೆಕ್ಕಕ್ಕೆ ಬರುತ್ತದೆ: ಸ್ವಿಫ್ಟ್‌ನಲ್ಲಿ ಅದು 2,450 ಮಿ.ಮೀ., ಇನೋವಾ ಕ್ರಿಸ್ಟಾದಲ್ಲಿ 2,750. ಈ ವಿಷಯದಲ್ಲಿ ದೊಡ್ಡ ಗಾಡಿಯೇ ಮೇಲು, ಮಧ್ಯದ ಸಾಲಿನಲ್ಲಿ ಕುಳಿತರೆ.

ಆದರೆ ವಾಂತಿಗೆ ಗುಂಡಿಯ ಪೆಟ್ಟು ಕಾರಣವಲ್ಲ. ಪೆಟ್ಟು ಸೊಂಟವನ್ನು ಹಿಡಿಯುತ್ತದೆ. ಹೊಟ್ಟೆ ತೊಳಸುವುದು ನಿಧಾನದ ಓಲಾಟ, ಹೆಚ್ಚುಕಡಿಮೆ ಐದು ಸೆಕೆಂಡಿಗೊಮ್ಮೆ ಆಚೀಚೆ ಆಗುವಂಥದ್ದು. ಸಂಪಾಜೆ ಘಾಟಿಯ ತಿರುವುಗಳು ಕೊಡುವುದು ಅದನ್ನೇ. ಬಾಡಿ ಎತ್ತರವಾದಷ್ಟೂ ತಿರುವಿನಲ್ಲಿ ಅದು ಹೊರಕ್ಕೆ ವಾಲುತ್ತದೆ, ತಲೆ ಹೆಚ್ಚು ದೂರ ತೂಗುತ್ತದೆ. ಮೇಲೆ ಕ್ಯಾರಿಯರ್ ಹಾಕಿ ಸೂಟ್‌ಕೇಸ್ ಕಟ್ಟಿದ್ದರೆ ಕೇಳುವುದೇ ಬೇಡ. ಸಾಲದ್ದಕ್ಕೆ ಕೊನೆಯ ಸಾಲಿನಿಂದ ಮುಂದಿನ ತಿರುವು ಕಾಣುವುದಿಲ್ಲ; ಕಣ್ಣಿಗೆ ಅಲುಗದ ಸೀಟಿನ ಬೆನ್ನು, ಸಮತೋಲನ ಅರಿಯುವ ಒಳಗಿವಿಗೆ ಓಲಾಟ, ಎರಡೂ ಹೊಂದುವುದಿಲ್ಲ.

ಮೊದಲು ಕ್ಯಾರಿಯರ್ ಬಿಚ್ಚಿ. ಭಾರದ ಸಾಮಾನನ್ನು ಮಧ್ಯದ ಸಾಲಿನ ಹಿಂದೆ, ನೆಲಕ್ಕೆ ತಾಗುವಂತೆ ಇಡಿ. ಟೈರಿನ ಗಾಳಿಯನ್ನು ಡ್ರೈವರ್ ಬಾಗಿಲ ಬಳಿಯ ಚೀಟಿಯಲ್ಲಿರುವಷ್ಟೇ ಹಾಕಿಸಿ. ಹೆಚ್ಚು ಹಾಕಿದರೆ ಟೈರೂ ಕಲ್ಲಾಗುತ್ತದೆ. ತಿರುವಿನ ಒಳಗೆ ಬ್ರೇಕ್ ಹಾಕುವ ಚಾಳಿ ಇದ್ದರೆ ಬಿಡಿ, ತಿರುವಿಗೆ ಮುನ್ನವೇ ವೇಗ ತಗ್ಗಿಸಿ. ತಾಯಿಯವರನ್ನು ಮುಂದಿನ ಸೀಟಿನಲ್ಲೇ ಕೂರಿಸಿ.

ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೊರಟಾಗ ನಮ್ಮ ಅತ್ತೆಯವರಿಗೆ ಮುಂದಿನ ಸೀಟು ಬಿಟ್ಟುಕೊಟ್ಟು ನಾನು ಹಿಂದಕ್ಕೆ ಹೋಗಿದ್ದೆ. ಚೆಟ್ಟಿಮಾನಿ ಬರುವ ಹೊತ್ತಿಗೆ ಅವರು ಏಲಕ್ಕಿ ಜಗಿಯುತ್ತಾ ಹರಟುತ್ತಿದ್ದರು. ಗಾಡಿ ನಿಲ್ಲಿಸಿ ಎಂದು ಕೂಗಿದವಳು ನಾನು.